ಖಾಲಿ ಗಾಡಿಯ ಬ್ರೇಕು

ಪಿಕಪ್ಪಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಟಾರ್ಚ್ ಹಾಕಿದಾಗ ನನಗೆ ಮೊದಲು ಕಂಡದ್ದು ಒಂದು ಹಗ್ಗ. ನೀಲಿ ನೈಲಾನ್ ಹಗ್ಗ, ಬಲೆಗೆ ಕಟ್ಟುವಂಥದ್ದು. ಹಿಂದಿನ ಆಕ್ಸಲ್ಲಿನ ಮೇಲ್ಗಡೆ, ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ಪುಟ್ಟ ವಾಲ್ವ್ ಒಂದಿರುತ್ತದೆ. ಅದರ ಸರಳನ್ನು ಮೇಲಕ್ಕೆ ಎಳೆದು ಆ ಹಗ್ಗದಿಂದ ಬಿಗಿದುಬಿಟ್ಟಿದ್ದರು. ಗಂಟು ನೋಡಿದರೇ ಗೊತ್ತಾಗುತ್ತಿತ್ತು, ಕಟ್ಟಿದ್ದು ಮೆಕ್ಯಾನಿಕ್ ಅಲ್ಲ, ದೋಣಿ ಕಂಡವರು. ಅಂಥ ಗಂಟು ಹಾಕಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

"ಇದೆಂತ ಮಾರಾಯಾ ಇದು?" ಎಂದು ಕೆಳಗಿನಿಂದಲೇ ಕೂಗಿದೆ.

"ಅದಾ? ಲೋಡಿದ್ದಾಗ ಬ್ರೇಕ್ ಹಿಡೀತಿರ್ಲಿಲ್ಲ. ಬಂದರದಲ್ಲಿ ಎಲ್ರೂ ಹಾಂಗೇ ಕಟ್ತ್ರು. ಕಟ್ಟಿದ್ಮೇಲೆ ಚಲೋ ಆಗಿತ್ತು," ಅಂದ ಮಾಲೀಕ. ಅವನ ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮಾಲೀಕ ಕುಮಟಾ ಹತ್ತಿರದ ಬಾಡದವನು. ಹೊನ್ನಾವರದ ಹೆದ್ದಾರಿ ಬದಿಯ ನನ್ನ ಗ್ಯಾರೇಜಿಗೆ ಹತ್ತು ವರ್ಷದಿಂದ ಬರುತ್ತಿದ್ದ. ಹೊನ್ನಾವರದ ಬಂದರದಲ್ಲೋ ಭಟ್ಕಳದ ಬಂದರದಲ್ಲೋ ಮೀನು ಕೊಂಡು, ಐಸು ಹಾಕಿ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ಯುವುದು ಅವನ ಕೆಲಸ. ಅಲ್ಲಿ ಕೂತು ಮಾರುವುದು ಹೆಂಡತಿಯ ಕೆಲಸ. ಹೋಗುವಾಗ ಗಾಡಿ ತುಂಬ ಮೀನು, ಬರುವಾಗ ಖಾಲಿ ಬಾಕ್ಸು. ಗಂಡ ಹೆಂಡತಿ ಇಬ್ಬರೂ ಮುಂದಿನ ಸೀಟಿನಲ್ಲಿ.

ಮೇ ತಿಂಗಳ ಕೊನೆಯಲ್ಲಿ ಹಾಗೆ ಖಾಲಿ ಗಾಡಿಯಲ್ಲಿ ಇಳಿದು ಬರುತ್ತಿದ್ದಾಗ ಘಟ್ಟದಲ್ಲಿ ಮೊದಲ ಮಳೆ ಹನಿ ಹಾಕಿದೆ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತೆಂದು ಇವನು ಬ್ರೇಕ್ ಒತ್ತಿದ್ದಾನೆ. ಗಾಡಿಯ ಮುಂಭಾಗ ನಿಂತಿದೆ, ಹಿಂಭಾಗ ನಿಲ್ಲಲಿಲ್ಲ. ಅದು ಪಕ್ಕಕ್ಕೆ ಜಾರಿ, ಗಾಡಿ ಅರ್ಧ ಸುತ್ತು ತಿರುಗಿ, ಎಡಮಗ್ಗುಲು ಗುಡ್ಡದ ಬಂಡೆಗೆ ಬಡಿದಿದೆ. ಇನ್ನೊಂದು ಕಡೆ ಜಾರಿದ್ದರೆ ಅಲ್ಲಿ ಬಂಡೆ ಇರಲಿಲ್ಲ, ಏನೂ ಇರಲಿಲ್ಲ. ಎಡಗಡೆ ಕೂತಿದ್ದ ಹೆಂಡತಿಯ ಭುಜದ ಕೀಲು ತಪ್ಪಿತ್ತು. ಒಂದೂವರೆ ತಿಂಗಳ ಮೇಲೂ ಆಕೆ ಎಡಗೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುತ್ತಿರಲಿಲ್ಲ.

ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಮೀನು ಗಾಡಿಗಳೆಲ್ಲ ರಿಪೇರಿಗೆ ಬರುವ ಕಾಲ. ಇವನು ಬಂದದ್ದು ಜುಲೈ ಎರಡನೇ ವಾರ, ಅದೂ ಡೆಂಟು ತೆಗೆಸಿ, ಬಣ್ಣ ಹೊಡೆಸಿ ಆದಮೇಲೆ. ನಮ್ಮ ಕಡೆ ಗಾಡಿಗೆ ಪೆಟ್ಟಾದರೆ ಮೊದಲು ಬಣ್ಣ, ಆಮೇಲೆ ಬ್ರೇಕು.

ಹೆಂಡತಿಯೂ ಜೊತೆಗೆ ಬಂದಿದ್ದಳು. ನಾನು ಕೆಳಗಿನಿಂದ ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ಆಕೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಣ್ಣಾ, ಸರಿ ಮಾಡಿದ್ಮೇಲೆ ನಾ ಇದ್ರಲ್ಲಿ ಕೂತ್ರೆ ಅಡ್ಡಿಲ್ವಾ?"

"ಅದ್ಕೇ ಅಲ್ದಾ ಅಕ್ಕಾ ಸರಿ ಮಾಡೂದು?" ಅಂದೆ. ಹೇಳುವುದಕ್ಕೆ ಏನು ಕಷ್ಟ? ನಾಲಿಗೆಗೆ ತುಕ್ಕು ಹಿಡಿಯುವುದಿಲ್ಲವಲ್ಲ.

ಆ ವಾಲ್ವಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಮಾನು ತುಂಬಿದಾಗ ಗಾಡಿಯ ಹಿಂಭಾಗ ಕುಗ್ಗುತ್ತದೆ. ಕುಗ್ಗಿದಾಗ ವಾಲ್ವಿನ ಸರಳು ಮೇಲೇಳುತ್ತದೆ, ಆಗ ಹಿಂದಿನ ಚಕ್ರಗಳಿಗೆ ಬ್ರೇಕಿನ ಪೂರ್ತಿ ಒತ್ತಡ ಹೋಗುತ್ತದೆ. ಗಾಡಿ ಖಾಲಿಯಾದಾಗ ಹಿಂಭಾಗ ಏಳುತ್ತದೆ, ಸರಳು ಇಳಿಯುತ್ತದೆ, ಹಿಂದಿನ ಬ್ರೇಕು ಹದವಾಗುತ್ತದೆ. ಖಾಲಿ ಗಾಡಿಯ ಹಿಂಭಾಗ ಹಗುರ, ಅಲ್ಲಿ ಪೂರ್ತಿ ಬ್ರೇಕು ಬಿದ್ದರೆ ಚಕ್ರ ತಟ್ಟನೆ ಕಚ್ಚಿ ನಿಂತು ಒದ್ದೆ ರಸ್ತೆಯ ಮೇಲೆ ಜಾರುತ್ತದೆ. ಇವರು ಸರಳನ್ನು ಮೇಲೆ ಕಟ್ಟಿ, ಖಾಲಿ ಗಾಡಿಗೂ ತುಂಬಿದ ಗಾಡಿಯ ಬ್ರೇಕು ಹಾಕಿಸಿದ್ದರು. ಇದನ್ನೆಲ್ಲ ನಾನು ಗಂಡನಿಗೆ ಹೇಳಿದೆ. ಅವನು ಹೂಂಗುಟ್ಟುತ್ತ ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ನೋಡುತ್ತಿದ್ದ. ಗಮನವಿಟ್ಟು ಕೇಳಿದವಳು ಹೆಂಡತಿ.

ಹಗ್ಗ ಕೊಯ್ದೆ. ಸರಳು ಕೆಳಗೆ ಬೀಳಬೇಕಿತ್ತು, ಬೀಳಲಿಲ್ಲ. ಮೀನಿನ ಬಾಕ್ಸಿನಿಂದ ಐಸಿನ ನೀರು, ಉಪ್ಪು ನೀರು ಹಗಲಿರುಳು ಸೋರಿ ಸೋರಿ ವಾಲ್ವಿನ ಕೀಲು ಗಾಡಿಯ ಜೊತೆ ಬೆಸುಗೆ ಹಾಕಿದ ಹಾಗೆ ಹಿಡಿದುಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ದಿನ ಬಿಟ್ಟೆ. ಮರುದಿನ ಸುತ್ತಿಗೆಯಿಂದ ಮೆತ್ತಗೆ ತಟ್ಟಿದಾಗ ಸರಳು ಅಲುಗಾಡಿತು, ಅದರ ಹಿಂದೆಯೇ ಬುಡದ ರಬ್ಬರಿನಿಂದ ಬ್ರೇಕ್ ಆಯಿಲ್ ಹನಿಯತೊಡಗಿತು. ವಾಲ್ವಿನ ಕಥೆ ಮುಗಿಯಿತು.

ಪೈಪಿನ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. ಮುಂದಿನ ಮಾಸ್ಟರ್ ಸಿಲಿಂಡರಿನಿಂದ ಹಿಂದಿನವರೆಗೆ ಚಾಸಿಯ ಒಳಮೈಗೆ ಅಂಟಿಕೊಂಡು ಉಕ್ಕಿನ ಸಣ್ಣ ಪೈಪೊಂದು ಬರುತ್ತದೆ. ಉಗುರಿನಿಂದ ಕೆರೆದರೆ ಅದರ ಮೈ ಹಕ್ಕಳೆಯಾಗಿ ಎದ್ದು ಬರುತ್ತಿತ್ತು. ಪೆಡಲ್ ಒಮ್ಮೆ ಜೋರಾಗಿ ಒತ್ತಿ ನೋಡಿದೆ, ನಡುವೆ ಎಲ್ಲೋ ಚುಳ್ ಎಂದಿತು. ಕೆಳಗೆ ಬಗ್ಗಿ ನೋಡಿದರೆ ಸೂಜಿ ಮೊನೆಯಷ್ಟು ತೂತಿನಿಂದ ಆಯಿಲ್ ಚಿಮ್ಮುತ್ತಿತ್ತು. ಘಟ್ಟದಲ್ಲಿ ಆಗದೆ ನನ್ನ ಅಂಗಳದಲ್ಲಿ ಆದದ್ದು ಯಾರ ಪುಣ್ಯವೋ.

ಹೊಸ ವಾಲ್ವ್ ಸಿಗಲಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿದೆ, ಮಂಗಳೂರಿಗೆ ಮಾಡಿದೆ. ಆ ಮಾದರಿ ನಿಂತು ಎಷ್ಟೋ ವರ್ಷವಾಯಿತು ಅಂದರು. ಈಗಿನದು ಕೂರುವ ಜಾಗವೇ ಬೇರೆ, ಸರಳಿನ ಉದ್ದವೇ ಬೇರೆ. ಒಬ್ಬ ಅಂಗಡಿಯವನಂತೂ, "ಅಷ್ಟು ಹಳೇ ಗಾಡಿ ಯಾಕ್ರೀ ಇಟ್ಕೊಂಡಾರ?" ಎಂದು ನನ್ನನ್ನೇ ಬೈದ. ನಾನು ಇಟ್ಟುಕೊಂಡವನ ಹಾಗೆ ಬೈಸಿಕೊಂಡೆ.

ಉಳಿದದ್ದು ಭಟ್ಕಳದ ಗುಜರಿ. ಅಲ್ಲಿ ನನಗೆ ಪರಿಚಯದ ಸಾಹೇಬರೊಬ್ಬರಿದ್ದಾರೆ, ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಮನೆಯವರೊಡನೆ ನವಾಯತಿ, ಲಾರಿಯವರೊಡನೆ ಉರ್ದು, ನನ್ನೊಡನೆ ಕನ್ನಡ. ಅಂಗಡಿಯಲ್ಲಿ ಎರಡು ರಾಶಿ ಇಟ್ಟಿರುತ್ತಾರೆ. ಒಂದು ಕಡಲ ದಂಡೆಯಲ್ಲಿ ಓಡಿದ ಗಾಡಿಗಳದ್ದು, ಇನ್ನೊಂದು ಘಟ್ಟದ ಮೇಲೆ ಓಡಿದ ಗಾಡಿಗಳದ್ದು. ಎರಡನೇ ರಾಶಿಗೆ ಬೇಡಿಕೆ ಹೆಚ್ಚು, ಅದಕ್ಕೆ ಉಪ್ಪು ಗಾಳಿ ತಾಗಿಲ್ಲವಲ್ಲ.

"ಇದು ಘಟ್ಟದ ಮೇಲಿಂದು ಭಾಯಿ, ನೋಡಿ, ತುಕ್ಕೇ ಇಲ್ಲ," ಎಂದು ಒಂದು ವಾಲ್ವ್ ಕೈಗಿಟ್ಟರು. ಆಮೇಲೆ ಮತ್ತೆ ತಮ್ಮ ಕೈಗೇ ತೆಗೆದುಕೊಂಡು ತಿರುಗಿಸಿ ನೋಡಿದರು. "ಬಾಗಿಲು ಕೊಡ್ತೇನೆ, ಲೈಟ್ ಕೊಡ್ತೇನೆ, ಇಂಜಿನ್ ಕೂಡಾ ಕೊಡ್ತೇನೆ. ಬ್ರೇಕ್ ಸಾಮಾನು ಕೊಡುವಾಗ ಮಾತ್ರ ನನಗೆ ಹೆದರಿಕೆ. ಒಳಗೆ ಎಂತ ಇದೆ ಅಂತ ಆ ದೇವರಿಗೇ ಗೊತ್ತು. ನೀವು ಚೆಕ್ ಮಾಡಿಯೇ ಹಾಕಬೇಕು."

ಚೆಕ್ ಮಾಡುತ್ತೇನೆ ಅಂದೆ. ಸರಳು ಆಡಿಸಿ ನೋಡಿದೆ, ಗಾಳಿ ಊದಿ ನೋಡಿದೆ, ಸರಿಯಾಗಿತ್ತು. ತಂದು ಕೂರಿಸಿದೆ.

ಆಮೇಲೆ ಪೈಪು. ತಾಮ್ರದ ಪೈಪು ಬಗ್ಗಿಸಲು ಸುಲಭ, ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಎಷ್ಟೋ ಜನ ಹಾಕಿಬಿಡುತ್ತಾರೆ. ಬ್ರೇಕಿಗೆ ಅದು ಆಗುವುದಿಲ್ಲ, ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ನಾನು ಲೇಪನವಿರುವ ಉಕ್ಕಿನ ಪೈಪನ್ನೇ ತರಿಸಿದೆ. ಹಳೆಯ ಪೈಪಿನ ಪಕ್ಕ ಹೊಸದನ್ನಿಟ್ಟು, ಅದು ಬಗ್ಗಿದಲ್ಲಿ ಇದನ್ನು ಬಗ್ಗಿಸುತ್ತ ಬಂದೆ. ತುದಿಯ ಬಾಯಿಯನ್ನು ಎರಡು ಮಡಿಕೆ ಮಾಡಿ ಅಗಲಿಸಬೇಕು, ಒಂದೇ ಮಡಿಕೆಯಾದರೆ ಸೋರುತ್ತದೆ. ಅಷ್ಟು ನಾಜೂಕಾಗಿ ಬಾಯಿ ಅಗಲಿಸಿ, ಎತ್ತಿ ಹಿಡಿದು, ನನ್ನ ಕೆಲಸಕ್ಕೆ ನಾನೇ ಮೆಚ್ಚಿ ನೋಡಿದರೆ ನಟ್ಟು ಮೇಜಿನ ಮೇಲೇ ಉಳಿದಿತ್ತು. ಬಾಯಿ ಅಗಲಿಸುವ ಮೊದಲು ಅದನ್ನು ಪೈಪಿಗೆ ತೂರಿಸಿರಬೇಕು. ಮೂವತ್ತು ವರ್ಷದ ಅನುಭವಸ್ಥ! ತುದಿ ಕತ್ತರಿಸಿ ಮತ್ತೆ ಮಾಡಿದೆ. ಕತ್ತರಿಸಿದಷ್ಟು ಪೈಪು ಗಿಡ್ಡವಾಗಿ ಒಂದು ಬಾಗು ಹೊಂದಲಿಲ್ಲ. ಇಡೀ ತುಂಡನ್ನೇ ಬಿಸಾಡಿ ಹೊಸದು ತೆಗೆದುಕೊಂಡೆ.

ಹಿಂದಿನ ಬಲಗಡೆ ಡ್ರಮ್ಮಿನ ನಿಪ್ಪಲ್ಲು, ಎಂದರೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವ ಸಣ್ಣ ಮೊಳೆ, ಪಾನಾ ಹಾಕಿದ ತಕ್ಷಣ ಮುರಿದು ಕೈಗೆ ಬಂತು. ಅದಕ್ಕೆ ಹೊಸ ವೀಲ್ ಸಿಲಿಂಡರ್. ಎಲ್ಲ ಜೋಡಿಸಿ, ಆಯಿಲ್ ತುಂಬಿಸಿ ಊಟಕ್ಕೆ ಹೋಗಿ ಬಂದರೆ ಗುಜರಿಯ ವಾಲ್ವಿನ ಕೆಳಗೆ ಅಂಗೈಯಗಲ ಆಯಿಲ್ ಬಿದ್ದಿತ್ತು. ಗಾಳಿಗೆ ಜಗ್ಗದ ರಬ್ಬರು ಆಯಿಲಿನ ಒತ್ತಡಕ್ಕೆ ಜಗ್ಗಿತ್ತು. ಒಬ್ಬನೇ ಇದ್ದೆ, ಜೋರಾಗಿ ಬೈದೆ. ಯಾರನ್ನು ಬೈದೆನೋ ನನಗೇ ತಿಳಿಯದು.

ಮತ್ತೆ ಭಟ್ಕಳ. ಸಾಹೇಬರು ನನ್ನ ಮುಖ ನೋಡಿಯೇ, "ಹೋಯ್ತಾ?" ಅಂದರು. ಏನೂ ವಾದಿಸದೆ, ಲುಂಗಿ ಎತ್ತಿ ಕಟ್ಟಿ ತಾವೇ ರಾಶಿಗೆ ಇಳಿದು ಮುಕ್ಕಾಲು ಗಂಟೆ ಹುಡುಕಿ ಇನ್ನೊಂದನ್ನು ತಂದರು. ಅಲ್ಲೇ ಒಂದು ಹಳೆಯ ಮಾಸ್ಟರ್ ಸಿಲಿಂಡರಿಗೆ ಜೋಡಿಸಿ ಆಯಿಲ್ ಒತ್ತಿ, ಅರ್ಧ ದಿನ ಇಟ್ಟು ನೋಡಿದೆವು. ಹನಿಯಲಿಲ್ಲ. "ಇದು ನಿಮ್ಮದು," ಅಂದರು ಸಾಹೇಬರು, ಮಗಳನ್ನು ಒಪ್ಪಿಸಿ ಕೊಟ್ಟವರ ಹಾಗೆ.

ಗಾಳಿ ತೆಗೆಯುವ ದಿನ ಮಾಲೀಕ ಬರಲಿಲ್ಲ. ಬಂದರದಲ್ಲಿ ಬಲೆಯ ಕೆಲಸಕ್ಕೆ ಹೋಗಿದ್ದಾನೆ ಎಂದು ಹೆಂಡತಿ ಬಂದಳು. ಗಾಳಿ ತೆಗೆಯಲು ಇಬ್ಬರು ಬೇಕು, ಪೆಡಲಿನ ಮೇಲೊಬ್ಬರು, ಕೆಳಗೆ ನಿಪ್ಪಲ್ಲಿನ ಹತ್ತಿರ ಒಬ್ಬರು. "ನಾ ಒತ್ತಿರೆ ಆಗೂದಿಲ್ವಾ? ಕೈ ಅಲ್ದಾ ನೋವು, ಕಾಲಲ್ಲ," ಅಂದಳು. ಚಾಲಕನ ಸೀಟಿನಲ್ಲಿ ಆಕೆ ಕೂತದ್ದು ಅದೇ ಮೊದಲಂತೆ. ಸೀಟಿನ ತುದಿಗೆ ಸರಿದು, ಸೀರೆ ನೆರಿಗೆ ಒಟ್ಟು ಮಾಡಿ ಬಲಗಾಲು ಪೆಡಲಿನ ಮೇಲಿಟ್ಟಳು.

"ಒತ್ತಿ," ಎನ್ನುತ್ತಿದ್ದೆ. "ಹಿಡೀರಿ." ನಿಪ್ಪಲ್ಲು ಸಡಿಲಿಸಿ, ಗುಳ್ಳೆ ಹೊರಟು, ಮತ್ತೆ ಬಿಗಿದು, "ಬಿಡಿ." ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬರಬೇಕು. ಹಿಂದಿನ ಎಡಚಕ್ರ, ಆಮೇಲೆ ಬಲಚಕ್ರ. ಇಪ್ಪತ್ತು ಸಲ ಒತ್ತಿದರೂ ಗುಳ್ಳೆ ಮುಗಿಯಲಿಲ್ಲ, ಪೆಡಲು ಗಟ್ಟಿಯಾಗಲಿಲ್ಲ.

"ಹೆಂಗದೆ ಅಕ್ಕಾ ಈಗ?"

"ಮೆತ್ತಗೇ ಅದೆ. ನೆನೆದ ಅವಲಕ್ಕಿ ತುಳಿದ ಹಾಂಗೆ."

ಎರಡು ಬಾಟಲಿ ಆಯಿಲ್ ಖರ್ಚಾಯಿತು. ಸೇರುವಲ್ಲೆಲ್ಲ ಬಟ್ಟೆಯಿಂದ ಒರೆಸಿ ನೋಡಿದೆ, ಎಲ್ಲೂ ಸೋರಿಕೆ ಇಲ್ಲ. ಬೆನ್ನು ಸೆಟೆದು ಬಂತು. ನನಗೆ ಗೊತ್ತಿರುವ ಎಲ್ಲವನ್ನೂ ಮಾಡಿ ಮುಗಿಸಿದ್ದೆ, ಇನ್ನೇನು ಮಾಡುವುದೆಂದು ತಿಳಿಯದೆ ಗಾಡಿಯ ಕೆಳಗೇ ಸುಮ್ಮನೆ ಮಲಗಿದ್ದೆ. ಮೇಲಿನಿಂದ ಆಕೆ, "ಒತ್ತೂದಾ?" ಎಂದು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅಣ್ಣಾ, ಇದ್ರಾ?" ಅಂದಳು.

ಮಲಗಿದ್ದಲ್ಲೇ ಕಣ್ಣು ಸರಳಿನ ಮೇಲೆ ಹೋಯಿತು. ಕೆಲಸಕ್ಕೆ ಅನುಕೂಲವಾಗಲೆಂದು ಗಾಡಿಯನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿ ನಿಲ್ಲಿಸಿದ್ದೆ. ಹಿಂದಿನ ಚಕ್ರಗಳು ಜೋತಾಡುತ್ತಿದ್ದವು, ಸರಳು ಪೂರ್ತಿ ಕೆಳಗಿತ್ತು. ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿಗಿಂತಲೂ ಖಾಲಿ. ಅದು ಬಾಯಿ ಮುಚ್ಚಿಕೊಂಡು ಕೂತರೆ ಗಾಳಿ ಹೊರಗೆ ಬರುವುದಾದರೂ ಹೇಗೆ? ಗಾಡಿಯನ್ನು ನೆಲಕ್ಕಿಳಿಸಿ, ಸರಳನ್ನು ಕೈಯಿಂದ ಮೇಲೆತ್ತಿ ಹಿಡಿದು ಮತ್ತೆ ಶುರು ಮಾಡಿದೆ. ಬುಳುಬುಳು ಎಂದು ಗಾಳಿ ಹೋಯಿತು. ಆರನೆಯ ಸಲ ಒತ್ತುವಾಗ ಆಕೆ, "ಕಲ್ಲಾತು!" ಎಂದು ನಕ್ಕಳು. ಆ ಜುಲೈ ತಿಂಗಳಲ್ಲಿ ಆಕೆ ನಕ್ಕದ್ದು ನಾನು ಕೇಳಿದ್ದು ಅದೊಂದೇ ಸಲ.

ಇಲ್ಲಿಗೆ ಮುಗಿಯಬೇಕಿತ್ತು. ನನ್ನ ಹಣೆಬರಹ, ಮುಗಿಯಲಿಲ್ಲ.

ಹೆದ್ದಾರಿ ಅಗಲ ಮಾಡಿದಾಗ ಬದಿಗೆ ಉಳಿದ ಹಳೇ ರಸ್ತೆಯ ತುಂಡೊಂದು ನಮ್ಮ ಗ್ಯಾರೇಜಿನ ಹತ್ತಿರ ಇದೆ. ಅಲ್ಲಿ ಖಾಲಿ ಗಾಡಿ ಓಡಿಸಿ ಬ್ರೇಕ್ ಒತ್ತಿ ನೋಡಿದೆ, ಒದ್ದೆ ನೆಲದ ಮೇಲೂ ನೇರ ನಿಂತಿತು. ಮರುದಿನ ಪಕ್ಕದಲ್ಲಿ ಮನೆ ಕಟ್ಟುವವರ ಹತ್ತಿರ ಕೇಳಿ, ನಲವತ್ತು ಚಿರೇಕಲ್ಲು ಹೇರಿಸಿ ತುಂಬಿದ ಗಾಡಿ ಓಡಿಸಿದೆ. ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳಷ್ಟೇ ಹಿಡಿದವು. ಹಿಂಭಾಗ ತನಗೆ ಸಂಬಂಧವೇ ಇಲ್ಲ ಎಂಬಂತೆ ತಳ್ಳಿಕೊಂಡು ಬಂತು. ನಿಲ್ಲಬೇಕಾದ ಜಾಗ ದಾಟಿ ಎಷ್ಟೋ ಮಾರು ಮುಂದೆ ಹೋಗಿ ನಿಂತೆ. ಇವರು ಹಗ್ಗ ಯಾಕೆ ಕಟ್ಟಿದರು ಎಂಬುದು ಆಗ ನನ್ನ ಕಾಲಿಗೆ ಗೊತ್ತಾಯಿತು.

ಸರಳಿನ ಉದ್ದ ಬದಲಿಸಿ ನೋಡಿದೆ. ತುಂಬಿದ ಗಾಡಿಗೆ ಸರಿ ಬರುವಷ್ಟು ಉದ್ದ ಮಾಡಿದರೆ ಖಾಲಿ ಗಾಡಿ ಜಾರುತ್ತದೆ. ಖಾಲಿಗೆ ಸರಿ ಮಾಡಿದರೆ ತುಂಬಿದ್ದು ನಿಲ್ಲುವುದಿಲ್ಲ. ಕಲ್ಲು ಇಳಿಸುವುದು, ಓಡಿಸುವುದು, ಕಲ್ಲು ಹೇರುವುದು, ಓಡಿಸುವುದು. ನಾಲ್ಕು ಅಳತೆ ನೋಡಿದೆ. ಕಲ್ಲು ಹೊತ್ತವರು ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ ಐದನೆಯ ಸಲಕ್ಕೆ ಬರಲಿಲ್ಲ.

ಗಾಡಿಯಿಂದಿಳಿದು ಹಿಂದೆ ಹೋಗಿ ನಿಂತೆ. ನಲವತ್ತು ಕಲ್ಲು ಹೊತ್ತ ಗಾಡಿ ಕುಗ್ಗಿರಬೇಕಲ್ಲ, ಕುಗ್ಗಿರಲಿಲ್ಲ. ಹಿಂಭಾಗ ಹಾಗೇ ಎದ್ದು ನಿಂತಿತ್ತು. ಬಗ್ಗಿ, ಗಾಡಿಯ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿಗಳನ್ನು ಎಣಿಸಿದೆ. ಇರಬೇಕಾದದ್ದಕ್ಕಿಂತ ಎರಡು ಹೆಚ್ಚು. ಒಂದು ವಾರದಿಂದ ಅದರ ಕೆಳಗೇ ಮಲಗಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ನಮ್ಮ ಕಡೆ ಮೀನು ಗಾಡಿಗೆ ಹೆಚ್ಚಿನ ಪಟ್ಟಿ ಹಾಕುವುದೇ ಕ್ರಮ, ಇಲ್ಲದಿದ್ದರೇ ವಿಶೇಷ. ಐಸಿನ ಭಾರಕ್ಕೆ ಗಾಡಿ ಕುಗ್ಗಬಾರದೆಂದು ಎಲ್ಲರೂ ಹಾಕಿಸುತ್ತಾರೆ. ಗಾಡಿ ಕುಗ್ಗುವುದಿಲ್ಲ, ಹಾಗಾಗಿ ಸರಳು ಏಳುವುದಿಲ್ಲ, ಹಾಗಾಗಿ ವಾಲ್ವಿಗೆ ಮೀನು ತುಂಬಿದ್ದೇ ಗೊತ್ತಾಗುವುದಿಲ್ಲ. ಬ್ರೇಕು ಸಾಲದೆ ಹಗ್ಗ ಕಟ್ಟುತ್ತಾರೆ. ಹಗ್ಗ ಕಟ್ಟಿದ ಗಾಡಿ ಖಾಲಿಯಾಗಿ ಇಳಿಯುವಾಗ ಜಾರುತ್ತದೆ.

ಆ ಎರಡು ಪಟ್ಟಿ ಹಾಕಿದವನು ನಾನು. ಮೂರು ವರ್ಷದ ಕೆಳಗೆ, ಇದೇ ಅಂಗಳದಲ್ಲಿ. ಹಾಕಿಯಾದ ಮೇಲೆ ಬೆನ್ನು ತಟ್ಟಿ, "ಇನ್ನು ಎಷ್ಟ್ ಬೇಕಾರೂ ಹೇರು, ಹೆದ್ರಬೇಡ," ಎಂದು ಹೇಳಿ ಕಳಿಸಿದ್ದು ನೆನಪಾಯಿತು. ಆಗ ವಾಲ್ವಿನ ಕಡೆ ತಿರುಗಿಯೂ ನೋಡಿರಲಿಲ್ಲ. ಚಿರೇಕಲ್ಲಿನ ಮೇಲೆ ಕೂತೆ. ಘಟ್ಟದಲ್ಲಿ ಅವರಿಬ್ಬರು ಸತ್ತಿದ್ದರೆ ಕಟ್ಟಿದ ಹಗ್ಗವನ್ನು ದೂರುತ್ತಿದ್ದರು, ಮಳೆಯನ್ನು ದೂರುತ್ತಿದ್ದರು, ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಸಮಾಧಾನ ಹೇಳಲು ಅವರ ಮನೆಗೆ ಹೋಗಿ ನಾನೇ ಎರಡು ಒಳ್ಳೇ ಮಾತು ಆಡಿ ಬರುತ್ತಿದ್ದೆ.

ಮರುದಿನ ಇಬ್ಬರನ್ನೂ ಕರೆಸಿದೆ. "ಪಟ್ಟಿ ತೆಗೀಬೇಕು. ಇಲ್ದಿದ್ರೆ ನಾ ಗಾಡಿ ಬಿಡೂದಿಲ್ಲ," ಅಂದೆ.

ಮಾಲೀಕ ನಕ್ಕ. ನಾನು ನಗಲಿಲ್ಲ ಎಂದು ಕಂಡಮೇಲೆ ಅವನ ಮುಖ ಕೆಂಪಾಯಿತು. "ತೆಗೆದ್ರೆ ಹತ್ತು ಬಾಕ್ಸ್ ಕಮ್ಮಿ ಹೇರೂದು. ಘಟ್ಟ ಅಷ್ಟೇ, ಡೀಸೆಲ್ ಅಷ್ಟೇ, ಮೀನು ಮಾತ್ರ ಕಮ್ಮಿ. ಯಾವನು ಮಾಡ್ತಾ ಹಾಂಗೆ? ಬಂದರಕ್ಕೆ ಹೋಗಿ ನೋಡು, ಪಟ್ಟಿ ಇಲ್ದೇ ಹೋದ ಗಾಡಿ ಒಂದು ತೋರ್ಸು."

"ಎಲ್ರೂ ಹಾಕ್ತ್ರು, ಗೊತ್ತದೆ. ನಾನೇ ಎಷ್ಟೋ ಗಾಡಿಗೆ ಹಾಕಿದ್ದೆ."

"ಮತ್ತೆ? ಆಗ ಸರಿ ಇತ್ತು, ಈಗ ತಪ್ಪಾತಾ?"

"ಆಗ್ಲೂ ತಪ್ಪೇ. ನಂಗೆ ಗೊತ್ತಾಗ್ಲಿಲ್ಲ." ಆಕೆಯ ಕಡೆ ತಿರುಗಿದೆ. "ಅಕ್ಕಾ, ನಿಮ್ಮ ಭುಜ ಹೋದದ್ದು ಹಗ್ಗದಿಂದ ಅಲ್ಲ. ನಾ ಹಾಕಿದ ಪಟ್ಟಿಯಿಂದ."

ಆಕೆ ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ತೆಗೀರಿ," ಅಂದಳು, ಅಷ್ಟೇ. ಗಂಡ ಬೀಡಿ ಹಚ್ಚಿಕೊಂಡು ರಸ್ತೆಗೆ ಹೋಗಿ ನಿಂತ. ಬರುವಾಗ, "ಎಂತಾರೂ ಮಾಡಿ ಸಾಯಿರಿ," ಅಂದ. ಅದನ್ನೇ ಒಪ್ಪಿಗೆ ಎಂದು ತಿಳಿದು ಪಾನಾ ಹಿಡಿದೆ.

ಪಟ್ಟಿ ಬಿಚ್ಚಿ, ಕಂಪನಿ ಲೆಕ್ಕಕ್ಕೆ ಕಮಾನು ಕಟ್ಟಿ, ಸರಳನ್ನು ಅಳತೆಗೆ ತಂದೆ. ಚಿರೇಕಲ್ಲನ್ನು ಈ ಸಲ ನಾನೂ ಮಾಲೀಕನೂ ಹೊತ್ತೆವು. ತುಂಬಿದ ಗಾಡಿ ಕುಗ್ಗಿತು, ಒತ್ತಿದಲ್ಲಿ ನಿಂತಿತು. ಕಲ್ಲಿಳಿಸಿ ಒದ್ದೆ ರಸ್ತೆಯಲ್ಲಿ ಖಾಲಿ ಓಡಿಸಿದಾಗ ಆಕೆಯನ್ನು ಪಕ್ಕದ ಸೀಟಿಗೆ ಕರೆದೆ. ಹತ್ತಿದಳು, ಬಲಗೈಯಿಂದ ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿದಳು. ಜೋರಾಗಿ ಒತ್ತಿದೆ. ಗಾಡಿ ಗೆರೆ ಎಳೆದ ಹಾಗೆ ನೇರ ನಿಂತಿತು. "ಇನ್ನು ಕೂತ್ಕಳ್ಳಿ ಅಕ್ಕಾ, ಅಡ್ಡಿಲ್ಲ," ಅಂದೆ. ಈ ಸಲ ನಾಲಿಗೆಯ ಮಾತಲ್ಲ, ನಂಬಿ ಹೇಳಿದೆ. ಆಗಸ್ಟ್ ಒಂದಕ್ಕೆ ದೋಣಿ ಇಳಿದವು, ಗಾಡಿಯೂ ಹೋಯಿತು.

ಅದೇ ಆಗಸ್ಟಿನಿಂದ ಮೀನು ಗಾಡಿಗಳಿಗೆ ಹೆಚ್ಚಿನ ಪಟ್ಟಿ ಹಾಕುವುದನ್ನು ನಾನು ಬಿಟ್ಟೆ. ಕೇಳಿ ಬಂದವರಿಗೆ ಕಾರಣ ಹೇಳಿದೆ. ಎಲ್ಲರೂ ಕೇಳಿದರು, ತಲೆಯಾಡಿಸಿದರು, ಮುಂದಿನ ಗ್ಯಾರೇಜಿಗೆ ಹೋದರು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಸಾಮಾನು ತರಲು ಕುಮಟಾಕ್ಕೆ ಹೋಗಿದ್ದೆ. ಶಿರಸಿ ರಸ್ತೆಯ ಬದಿ ಚಾ ಕುಡಿಯುತ್ತ ನಿಂತಿದ್ದಾಗ ಘಟ್ಟದ ಕಡೆಯಿಂದ ಆ ಪಿಕಪ್ಪು ಬಂತು. ಹೊಸ ಬಣ್ಣ, ಖಾಲಿ ಬಾಕ್ಸು, ಹಿಂಭಾಗ ಕೋಳಿ ಪುಕ್ಕದ ಹಾಗೆ ಮೇಲೆದ್ದಿತ್ತು. ಮಾಲೀಕ ಒಬ್ಬನೇ ಇದ್ದ. ನನ್ನನ್ನು ಕಂಡು ಹಾರ್ನ್ ಹೊಡೆದ, ಕೈ ಎತ್ತಿದ, ನಿಲ್ಲಿಸಲಿಲ್ಲ. ಪಕ್ಕದ ಸೀಟು ಖಾಲಿಯಾಗಿತ್ತು. ಆಕೆಗೆ ಏನಾಯಿತೋ ಎಂದು ಚಾ ಅರ್ಧಕ್ಕೇ ಬಿಟ್ಟು ಗಾಡಿ ಹೋದ ದಿಕ್ಕನ್ನೇ ನೋಡುತ್ತ ನಿಂತೆ.

ಸ್ವಲ್ಪ ಹೊತ್ತಿಗೆ ಶಿರಸಿ ಕಡೆಯಿಂದ ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಆಕೆ ಇದ್ದಳು, ಬಲಗಂಕುಳಲ್ಲಿ ಖಾಲಿ ಬುಟ್ಟಿ.

"ಎಂತ ಅಕ್ಕಾ, ಬಸ್ಸಲ್ಲಿ?" ಅಂದೆ.

ಆಕೆ ಬುಟ್ಟಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಂಗಡೆ ರಾಶಿ ಬಿತ್ತಲ್ಲ ಅಣ್ಣಾ. ಇವ್ರು ಒಂದು ವಾರ ನೋಡಿದ್ರು, ತಡೀಲಿಲ್ಲ. ಬೇರೆ ಕಡೆ ಪಟ್ಟಿ ಹಾಕ್ಸಿದ್ರು. ಹಗ್ಗಾನೂ ಮೊದಲಿನ ಹಾಂಗೇ ಕಟ್ಟಿದ್ರು. ನಾ ಹೇಳ್ದೆ, ಜಗಳಾನೂ ಮಾಡ್ದೆ. ಹೋಗಬೇಡಿ ಹೇಳೂಕೆ ನಂಗೂ ಆಗೂದಿಲ್ಲ, ಅನ್ನ ಅದ್ರಲ್ಲೇ ಅಲ್ದಾ?"

ಅವನಿಗೆ ಮತ್ತೆ ಹೇಳುತ್ತೇನೆ ಅನ್ನಬಹುದಿತ್ತು. ಕೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಹೋಗುವಾಗ ಜೊತೆಗೇ ಹೋಗ್ತೆ," ಅಂದಳು ಆಕೆಯೇ. "ಆಗ ಲೋಡಿರ್ತದೆ, ಹೆದ್ರಿಕಿಲ್ಲ. ಖಾಲಿ ಇದ್ದಾಗ ಅಲ್ದಾ ಜಾರೂದು? ನೀವೇ ಹೇಳಿದ್ರಿ. ಹಾಂಗಾಗಿ ಬರೂವಾಗ ನಾ ಬಸ್ಸು. ಇಬ್ರೂ ಒಂದೇ ಗಾಡೀಲಿ ಇರೂದು ಬೇಡ. ಮಕ್ಳಿಗೆ ಒಬ್ರಾರೂ ಉಳೀಬೇಕಲ್ಲ."

ಸಂತೆಯಲ್ಲಿ ತರಕಾರಿ ಲೆಕ್ಕ ಹೇಳುವಷ್ಟು ಸಾಧಾರಣ ಧ್ವನಿಯಲ್ಲಿ ಹೇಳಿದಳು. ಹೇಳಿ ಮುಗಿಸಿ ಬುಟ್ಟಿ ಎತ್ತಿಕೊಂಡಳು, ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಅಣ್ಣಾ, ಗಾಡಿ ಹೋದದ್ದು ಕಂಡ್ರಾ?"

"ಹೋತು ಅಕ್ಕಾ. ಈಗ ಹತ್ತು ನಿಮಿಷ ಆತು. ನಾ ಕಣ್ಣಾರೆ ಕಂಡೆ," ಅಂದೆ.

ಆಕೆ ಉಸಿರು ಬಿಟ್ಟು, ಬಾಡದ ಬಸ್ಸು ನಿಲ್ಲುವ ಕಡೆ ನಡೆದಳು. ಆವತ್ತಿನ ಮಟ್ಟಿಗೆ ನನ್ನಿಂದ ಆದದ್ದು ಅಷ್ಟೇ.